ಹಾಂಗ್‌ಕಾಂಗಿನ ದಂಡಿನ ಜಾಗ: ಕೊನೆಗೂ ತಾಳೆಯಾದ ಲೆಕ್ಕ

"ಇತಿಹಾಸಕ್ಕೆ ಜಮಾ-ಖರ್ಚಿನ ಪುಸ್ತಕ ಯಾಕ್ರೀ?" ಅಂತ ಗೆಳೆಯರೊಬ್ಬರು ನಕ್ಕಿದ್ದರು. ಹಾಂಗ್‌ಕಾಂಗಿನಲ್ಲಿ ಸೇನೆಯ ಜಾಗಕ್ಕಾಗಿ ಓಡಾಡಿದ ಪತ್ರಗಳಲ್ಲಿ ಯಾವ ಕೇಳಿಕೆಗೆ ಯಾವ ಉತ್ತರ ಅಂತ ಜಮಾ-ಖರ್ಚಿನ ಹಾಗೆ ಜೋಡಿಸುವ ಹಾಳೆ ನನ್ನದು. ಮೊನ್ನೆ ಅವರೇ ಅದರ ಪ್ರತಿ ಕೇಳಿದರು.

1860ರಲ್ಲಿ ಹಾಂಗ್‌ಕಾಂಗ್ ದ್ವೀಪದ ಎದುರಿನ ಕೌಲೂನ್ ಬ್ರಿಟಿಷರ ಕೈಗೆ ಬಂದ ಕೂಡಲೇ ಕಿತ್ತಾಟ ಶುರು. ಗವರ್ನರ್ ರಾಬಿನ್ಸನ್‌ಗೆ ಊರು ಬೆಳೆಸಲು ಜಾಗ ಬೇಕು, ಸೇನೆಗೆ ಬ್ಯಾರಕ್ಕಿಗೆ ಬೇಕು. ಲಂಡನ್ನಿನಲ್ಲಿ ವಸಾಹತು ಕಚೇರಿ, ಯುದ್ಧ ಕಚೇರಿ, ಖಜಾನೆ ಮೂರೂ ಒಂದರ ಮೇಲೊಂದು ಪತ್ರ ಬರೆಯುತ್ತವೆ.

ನನ್ನ ಮೊದಲ ವರ್ಷ ಪೂರ್ತಿ ದಂಡ. ವಸಾಹತು ಕಚೇರಿಯ ಹಾಂಗ್‌ಕಾಂಗ್ ಕಡತಗಳಾದ ಸಿಓ 129 ಸರಣಿಯ ಗವರ್ನರ್ ಪತ್ರಗಳನ್ನು ತಾರೀಖಿನ ಪ್ರಕಾರ ಓದುತ್ತಾ ಹೋದೆ. ಕೇಳಿಕೆ ಸಿಕ್ಕಿತು, ಉತ್ತರ ಇಲ್ಲ. 'ಲಂಡನ್ ಸುಮ್ಮನಿತ್ತು' ಅಂತ ಟಿಪ್ಪಣಿ ಬೇರೆ ಬರೆದಿಟ್ಟೆ! ನಿಜವಾಗಿ ಯುದ್ಧ ಕಚೇರಿಯ ಪತ್ರಗಳನ್ನು 'ಆಫೀಸಸ್' (ಬೇರೆ ಕಚೇರಿಗಳು) ಅಂತ ಬೇರೆಯಾಗಿ ಹೊಲಿದಿಟ್ಟಿದ್ದರು.

ಆಮೇಲೆ ತಾರೀಖು ಬಿಟ್ಟು, ಪತ್ರ ಬಂದಾಗ ಹಾಕುತ್ತಿದ್ದ ನೋಂದಣಿ ನಂಬರು ಹಿಡಿದೆ. ಕೇಳಿಕೆ ಎಡಕ್ಕೆ, ಉತ್ತರ ಬಲಕ್ಕೆ. ಗುಮಾಸ್ತರ ಷರಾಗಳಲ್ಲಿ ಹಳೆಯ ನಂಬರುಗಳು ಸಿಗುತ್ತವೆ. ಆ ಗೀಚು ಇನಿಷಿಯಲ್ಲುಗಳನ್ನು ಬಿಡಿಸಲು ನನ್ನದೊಂದು ಉಪಾಯವಿದೆ, ಅದು ನನ್ನಲ್ಲೇ ಇರಲಿ.

ಈ ಕಡತಗಳಿರುವುದು ಲಂಡನ್ನಿನ ಕ್ಯೂ (Kew) ಅನ್ನುವ ಜಾಗದ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ. ಅಲ್ಲಿ ಫೋಟೋ ಪುಕ್ಕಟೆ, ಪೆನ್ಸಿಲ್ ಮಾತ್ರ ಒಳಗೆ. ಆದರೂ ಟಿಕೆಟ್ಟು, ರೂಮು ಸೇರಿ ಹತ್ತಿರ ಹತ್ತಿರ ಎರಡು ಲಕ್ಷ ಕೈಬಿಟ್ಟಿತು. ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ.

ಜಾಸ್ತಿ ಪೆಟ್ಟು ತಿಂದದ್ದು ನಾಣ್ಯದಲ್ಲಿ. ಜಾಗದ ಮಾತಿನ ಬೆನ್ನಿಗೇ ಸೇನೆಗೆ ವಸಾಹತು ಕೊಡಬೇಕಾದ ವಂತಿಗೆಯ ಮಾತೂ ಬರುತ್ತದೆ. 1860ರ ದಶಕದಲ್ಲಿ ವರ್ಷಕ್ಕೆ 20,000 ಪೌಂಡ್, 1890ರ ಹೊತ್ತಿಗೆ 40,000. ಪೌಂಡನ್ನು ಹಾಂಗ್‌ಕಾಂಗಿನ ಡಾಲರಿಗೆ ತಿರುಗಿಸುವಾಗ ನಾನು ಎಲ್ಲಕ್ಕೂ ಒಂದೇ ದರ ಹಾಕಿದ್ದೆ. ಆದರೆ ಬೆಳ್ಳಿಯ ಡಾಲರಿನ ಬೆಲೆ ನಾಲ್ಕು ಶಿಲಿಂಗ್ (ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡ್) ಚಿಲ್ಲರೆಯಿಂದ ಶತಮಾನದ ಕೊನೆಗೆ ಎರಡರ ಆಸುಪಾಸಿಗೆ ಇಳಿದಿತ್ತು. ಅಂದರೆ 20,000 ಪೌಂಡಿಗೆ ಮೊದಲು ಒಂದು ಲಕ್ಷ ಡಾಲರಿಗೂ ಕಡಿಮೆ ಸಾಕು. ಆಮೇಲೆ ಅಷ್ಟಕ್ಕೇ ಎರಡು ಲಕ್ಷ ಬೇಕು. ಹಾಂಗ್‌ಕಾಂಗ್ ಗೋಳಾಡಿದ್ದು ಸುಮ್ನೆ ಅಲ್ಲ. ಆರು ತಿಂಗಳ ಲೆಕ್ಕ ಅಳಿಸಿ, ವರ್ಷಕ್ಕೊಂದು ದರ ಹಾಕಿ ಮತ್ತೆ ಬರೆದೆ.

ನಡುವೆ ಇದೇ ಹಾಳೆಯನ್ನು ನಮ್ಮ ಬೆಂಗಳೂರು ದಂಡಿಗೂ ಹಚ್ಚಿ ನೋಡಿದೆ. ಕೆಲಸ ಮಾಡಲಿಲ್ಲ. 1881ರಲ್ಲಿ ಮೈಸೂರು ಬಿಟ್ಟುಕೊಟ್ಟ ಜಾಗ ಅದು. ಅಲ್ಲಿ ಬೆಲೆಗಿಂತ ಅಧಿಕಾರ ಯಾರದ್ದು ಅನ್ನುವುದೇ ಪ್ರಶ್ನೆ, ಅಲ್ವಾ?

ಹಾಂಗ್‌ಕಾಂಗಿನ ಇನ್ನೂರು ಚಿಲ್ಲರೆ ಕೇಳಿಕೆಗಳಲ್ಲಿ ಹದಿನೈದೋ ಇಪ್ಪತ್ತೋ ಬಿಟ್ಟು ಎಲ್ಲಕ್ಕೂ ಈಗ ಜೋಡಿ ಸಿಕ್ಕಿದೆ. ಉಳಿದವು ಖಜಾನೆಯ ಟಿ 1 ಸರಣಿಯಲ್ಲಿರಬೇಕು. ಅದೂ ಕ್ಯೂನಲ್ಲೇ. ಮತ್ತೆ ಟಿಕೆಟ್ಟಿಗೆ ದುಡ್ಡು ಹೊಂದಿಸಬೇಕು.