ಧೈರ್ಯ ಹೇಳುವುದನ್ನು ಬಿಟ್ಟೆ, ಕೆಲಸ ಕೊಟ್ಟೆ

ದಿನ ತುಂಬುವ ಮುಂಚೆ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ ನಾನು ನರ್ಸ್. ಹತ್ತು ವರ್ಷ ನಾನೂ ಎಲ್ಲರ ಹಾಗೆ ಅಪ್ಪ ಅಮ್ಮಂದಿರಿಗೆ ಒಂದೇ ಮಾತು ಹೇಳಿಕೊಂಡು ಬಂದೆ: "ಧೈರ್ಯವಾಗಿರಿ, ಎಲ್ಲಾ ಸರಿಹೋಗುತ್ತೆ." ಒಂದು ರಾತ್ರಿ, 27 ವಾರಕ್ಕೇ ಹುಟ್ಟಿದ ಮಗುವಿನ ಅಪ್ಪ ತಿರುಗಿ ಕೇಳಿದರು, "ಧೈರ್ಯವಾಗೇ ಇದ್ದೀನಿ ಸಿಸ್ಟರ್. ಆದ್ರೆ ನಾನು ಮಾಡೋದೇನು? ಸುಮ್ನೆ ಗಾಜು ನೋಡ್ತಾ ನಿಂತಿರ್ಲಾ?" ನನ್ನ ಬಾಯಿ ಕಟ್ಟಿಹೋಯಿತು.

ಏನೋ ಒಂದು ಮಾಡಬೇಕು ಅಂತ ಹೊರಟೆ. ಮೊದಲು ಮಾಡಿದ್ದೆಲ್ಲಾ ನೆಲಕಚ್ಚಿತು. ವಾರಕ್ಕೊಂದು ಕ್ಲಾಸ್ ಇಟ್ಟೆ. ಹೊಲಿಗೆ ನೋವು ತಿನ್ನುತ್ತಿರುವ ತಾಯಿ ಸ್ಲೈಡ್ ನೋಡಲು ಬರುತ್ತಾಳಾ? ಕೈಯಿಂದ ದುಡ್ಡು ಹಾಕಿ ಕಿರುಪುಸ್ತಕ ಅಚ್ಚು ಹಾಕಿಸಿದೆ, ಮುಕ್ಕಾಲು ಭಾಗ ಇನ್ನೂ ಬೀರುವಿನಲ್ಲಿದೆ. ಇನ್‌ಕ್ಯುಬೇಟರಿಗೆ, ಅಂದರೆ ಮಗುವನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗೆ, ತೂಕದ ಗ್ರಾಫ್ ಅಂಟಿಸಿದೆ. ಮೊದಲ ವಾರ ತೂಕ ಇಳಿಯುತ್ತದೆ ಅನ್ನುವುದು ನಮಗೆ ಗೊತ್ತು, ಅಮ್ಮಂದಿರಿಗೆ ಗೊತ್ತಾ? ಗೆರೆ ಕೆಳಗಿಳಿದಂತೆಲ್ಲಾ ಅವರೂ ಕುಸಿದರು. ಫೋನ್ ಗುಂಪಂತೂ ಮಹಾ ತಪ್ಪು. ಒಬ್ಬರು ಡಿಸ್ಚಾರ್ಜ್ ಆದ ಮಗುವಿನ ಫೋಟೊ ಹಾಕಿದ ಬೆಳಗ್ಗೆಯೇ ಇನ್ನೊಬ್ಬರ ಮಗು ತೀರಿಕೊಂಡಿತ್ತು. ಅವತ್ತೇ ಗುಂಪು ಮುಚ್ಚಿದೆ.

ಈಗ ನಾನು ಮಾಡುವುದು ಇಷ್ಟು. ಮೊದಲ ದಿನವೇ, ಏನನ್ನೂ ವಿವರಿಸುವ ಮುಂಚೆ, ಕೈ ತೊಳೆಸಿ ಅಮ್ಮನ ಕೈಯನ್ನೇ ಪೆಟ್ಟಿಗೆಯೊಳಗೆ ಬಿಡಿಸುತ್ತೇನೆ. ಒಂದು ಅಂಗೈ ತಲೆಯ ಮೇಲೆ ಬಟ್ಟಲಿನ ಹಾಗೆ. ಇನ್ನೊಂದು ಪಾದಗಳನ್ನು ಮಡಚಿ ಹಿಡಿದ ಹಾಗೆ. ಸವರುವಂತಿಲ್ಲ, ತಟ್ಟುವಂತಿಲ್ಲ, ಸುಮ್ನೆ ಇಡಬೇಕು. ಮಗು ಬೆರಳು ಅಗಲಿಸಿತು, ಬಿಕ್ಕಳಿಸಿತು ಅಂದರೆ "ಸಾಕು" ಅಂತ. ಕೈಯನ್ನು ಬಾಯಿ ಹತ್ತಿರ ತಂದುಕೊಂಡರೆ "ಇರಲಿ" ಅಂತ. ಹತ್ತು ನಿಮಿಷದಲ್ಲಿ ಅಮ್ಮ ನನಗೇ ಹೇಳುತ್ತಾಳೆ, "ಸಿಸ್ಟರ್, ಮಾತು ಮೆಲ್ಲಗೆ, ಬೆರಳು ಬಿಡಿಸ್ತಿದೆ." ಕ್ಲಾಸ್ ಅಲ್ಲೇ ಮುಗಿಯಿತು!

ಆಮೇಲೆ ಒಬ್ಬೊಬ್ಬರಿಗೂ ಒಂದು ಕೆಲಸ. ಅಮ್ಮನಿಗೆ ಹಾಲು ಹಿಂಡುವುದು. ಹೆರಿಗೆಯಾಗಿ ಆರು ಗಂಟೆಯೊಳಗೆ ಶುರು, ದಿನಕ್ಕೆ ಎಂಟು ಸಲ, ರಾತ್ರಿಯೂ ಬಿಡುವಂತಿಲ್ಲ. ನಾಲ್ಕು ಹನಿ ಬಂದರೂ ಬಿಸಾಡುವುದಿಲ್ಲ, ಕೆನ್ನೆಯ ಒಳಗೆ ಸವರುತ್ತೇವೆ. ಅಪ್ಪನಿಗೆ ನೋಟ್‌ಬುಕ್. ತೂಕ, ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಬರೆಯುವಂತಿಲ್ಲ, ಮಗು ಏನು ಮಾಡಿತು ಅಂತ ಮಾತ್ರ. ಡಾಕ್ಟರು ಮಕ್ಕಳನ್ನು ನೋಡುತ್ತಾ ಬರುವ ರೌಂಡ್ಸ್‌ನಲ್ಲಿ ಎರಡು ಸಾಲು ಅವರೇ ಓದುತ್ತಾರೆ. ರೌಂಡ್ಸ್ ಉದ್ದವಾಗುತ್ತೆ ಅಂತ ಗಲಾಟೆ ಆಯಿತು. ಒಂದೊಂದು ಮಗುವಿಗೆ ಎರಡು ಮೂರು ನಿಮಿಷ ಜಾಸ್ತಿ ಆಗಿದ್ದು ನಿಜ. ಆದರೆ ಕಾರಿಡಾರಿನಲ್ಲಿ ತಡೆದು ಕೇಳುವ ಪ್ರಶ್ನೆಗಳು ಅರ್ಧಕ್ಕರ್ಧ ಇಳಿದವು.

ದೊಡ್ಡ ಜಗಳ ನಡೆದದ್ದು ಕಾಂಗರೂ ಆರೈಕೆಗೆ, ಅಂದರೆ ಮಗುವನ್ನು ಅಮ್ಮನ ಬರಿ ಎದೆಗೆ ಮೈಗೆ ಮೈ ತಾಗುವಂತೆ ಇಡುವುದಕ್ಕೆ. ಉಸಿರಾಟಕ್ಕೆ ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ಯಂತ್ರ ಸಿಪ್ಯಾಪ್. ವಾರ್ಡಿನವರು ಕೇಳಿದರು, "ಸಿಪ್ಯಾಪ್‌ನಲ್ಲಿರುವ ಮಗುವನ್ನು ಎದೆಗೆ ಹಾಕೋದಾ? ಇನ್ಫೆಕ್ಷನ್ ಬಂದ್ರೆ ಯಾರು ಹೊಣೆ?" ಕೊಲಂಬಿಯಾದ ಬೊಗೋಟಾದಲ್ಲಿ 1970ರ ದಶಕದಲ್ಲೇ ಶುರುವಾದದ್ದು ಅಂದೆ. ಹುಟ್ಟಿದ ಕೂಡಲೇ ಎದೆಗೆ ಹಾಕಿದರೆ ಸಾವು ಕಾಲು ಭಾಗದಷ್ಟು ಕಡಿಮೆ ಅಂತ 2021ರಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ಹಿಡಿದುಕೊಂಡು ಹೋದೆ. ಯಾರೂ ಅಲುಗಲಿಲ್ಲ. ಆಮೇಲೆ ತಿಳಿಯಿತು, ಅಡ್ಡ ನಿಂತಿದ್ದು ಭಯವಲ್ಲ, ಕುರ್ಚಿ. ಸ್ಟೂಲಿನ ಮೇಲೆ ಬೆನ್ನಿಗೆ ಆಸರೆಯಿಲ್ಲದೆ ಯಾವ ತಾಯಿ ಮೂರು ಗಂಟೆ ಕೂರುತ್ತಾಳೆ? ಆಫೀಸು ಬಜೆಟ್ ಇಲ್ಲ ಅಂದಿತು. ನಾನೂ ಇಬ್ಬರು ಜೊತೆಯವರೂ ಸೇರಿ ಆರು ಹಳೆಯ ಒರಗು ಕುರ್ಚಿ ತಂದೆವು. ನನ್ನ ಪಾಲಿಗೇ ಹೆಚ್ಚುಕಡಿಮೆ ಅರ್ಧ ತಿಂಗಳ ಸಂಬಳ ಹೋಯಿತು. ಮನೆಯಲ್ಲಿ ಬೈಸಿಕೊಂಡೆ. ವರ್ಷದೊಳಗೆ ಎರಡು ಮುರಿದವು. ಆದರೆ ಮೊದಲು ದಿನಕ್ಕೆ ಒಂದು ಗಂಟೆಯೂ ದಾಟದ ಕಾಂಗರೂ ಆರೇಳು ಗಂಟೆಗೆ ಬಂತು. ಇನ್ಫೆಕ್ಷನ್ ಲೆಕ್ಕ ನಾನೇ ಇಟ್ಟೆ, ಏರಲಿಲ್ಲ. ಅಂದು ಹೊಣೆ ಕೇಳಿದವರೇ ಈಗ ಬಂದವರಿಗೆ ಕುರ್ಚಿ ತೋರಿಸುತ್ತಾರೆ, ಇರಲಿ!

ಕುರ್ಚಿ ಇಡುವಾಗ ಅಮ್ಮನ ಬೆನ್ನು ಮಾನಿಟರ್ ಕಡೆಗಿರಲಿ. "ಅದನ್ನ ನಾವು ನೋಡ್ತೀವಿ, ನೀವು ಮಗುವಿನ ಬಣ್ಣ ನೋಡಿ" ಅನ್ನುತ್ತೇನೆ. ಎರಡನೇ ಸಲ ಅಲಾರಂ ಹೊಡೆದಾಗ ಅವರ ಕಿವಿಯಲ್ಲಿ ನಾನು ಹೇಳುವ ಒಂದು ಮಾತಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಹಾಗೇ, ಮನೆಗೆ ಹೋದ ಅಮ್ಮಂದಿರಲ್ಲಿ ಯಾರನ್ನು ವಾಪಸ್ ಕರೆದು ಹೊಸಬರ ಪಕ್ಕ ಕೂರಿಸಬೇಕು ಅಂತ ಆರಿಸುವುದೂ ನನ್ನ ಗುಟ್ಟು. ಚೆನ್ನಾಗಿ ಮಾತಾಡುವವರನ್ನಂತೂ ಅಲ್ಲ.

ನಡುವೆ ಸಣ್ಣಪುಟ್ಟ ಹುಚ್ಚಾಟಗಳೂ ಆದವು. ಸದ್ದು ಜಾಸ್ತಿಯಾದರೆ ಕೆಂಪಾಗುವ ದೀಪ ತರಿಸಿದೆ, ದಂಡ. ಸದ್ದೆಲ್ಲಾ ಬರುತ್ತಿದ್ದುದು ಕಸದ ಡಬ್ಬಿಯ ಮುಚ್ಚಳದಿಂದ. ಅದರಂಚಿಗೆ ಮೆತ್ತನೆ ಪಟ್ಟಿ ಅಂಟಿಸಿದೆ, ಮುಗೀತು. ಅಪ್ಪಂದಿರಿಗೆ ಮಗುವಿನ ಹತ್ತಿರ ಮೆಲ್ಲಗೆ ಏನಾದರೂ ಓದಿ ಅಂದೆ. ಒಬ್ಬರು ನಾಚಿಕೆಯಲ್ಲಿ ಕೈಗೆ ಸಿಕ್ಕ ಸ್ಕೂಟರ್ ಮ್ಯಾನ್ಯುಯಲ್ ಓದಿದರು, ಬ್ರೇಕಿನ ಅಧ್ಯಾಯ ಪೂರ್ತಿ. ಮಗು ನಿದ್ದೆ ಹೋಯಿತು, ಅವರೂ ಹೋದರು.

ರಾತ್ರಿ ಪಾಳಿ ಮಾತ್ರ ಇನ್ನೂ ಕೈಗೆ ಬಂದಿಲ್ಲ. ಹನ್ನೊಂದರ ಮೇಲೆ ಕುರ್ಚಿಗಳು ಖಾಲಿ. ಅದಕ್ಕೇ ಪೂರ್ತಿ ಮಲಗಲು ಬರುವಂಥ ಎರಡಕ್ಕೆ ದುಡ್ಡು ಕೂಡಿಸುತ್ತಿದ್ದೇನೆ. ನೀವು ತರುವುದಾದರೆ ಕಾಲು ಚಾಚುವ ಹಲಗೆಯ ಕೀಲು ಗಟ್ಟಿ ಇದೆಯಾ ಅಂತ ಕೂತು ನೋಡಿ. ನನ್ನ ಎರಡೂ ಅಲ್ಲೇ ಮುರಿದದ್ದು.