ಐರನ್ ಮಾತ್ರೆ ಜೊತೆ ಬೆಲ್ಲದ ಕಾಫಿ ಬೇಡ: ಬಸುರಿಲಿ ರಕ್ತ ಕಮ್ಮಿ ಆದ್ರೆ ಏನ್ ಮಾಡ್ಬೇಕು?

ಕೊಡಗಲ್ಲಿ ಬಸುರಿ ಹೆಂಗಸ್ರಿಗೆ ಐರನ್ ಮಾತ್ರೆ ಸಿಗೋದು ಕಷ್ಟ ಏನಲ್ಲ, ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ ಕೊಡ್ತಾರೆ, ಆದ್ರೆ ಆ ಮಾತ್ರೆ ಬೆಳಗ್ಗೆ ಬೆಲ್ಲದ ಕಾಫಿ ಜೊತೆಗೇ ಹೊಟ್ಟೆಗೆ ಹೋಗತ್ತೆ ನೋಡಿ, ಎಡವಟ್ಟಾಗೋದು ಅಲ್ಲೇ. ಬೆಲ್ಲದಲ್ಲಿ ಕಬ್ಬಿಣ ಇದ್ಯಲ್ಲ ಅಂತ ಸಮಾಧಾನ ಬೇರೆ! ಕಾಫಿ, ಟೀಲಿರೋ ಪಾಲಿಫಿನಾಲ್ ಅನ್ನೋ ಅಂಶ ಕಬ್ಬಿಣವನ್ನ ಹಿಡ್ಕೊಂಡ್ಬಿಡತ್ತೆ, ಕರುಳಿಗೆ ಹೀರ್ಕೊಳ್ಳೋಕೆ ಬಿಡಲ್ಲ.

ಮೊದಲು ಟೆಸ್ಟ್. ಕಣ್ಣು ಬಿಳಿಚಿದ್ಯಾ ಅಂತ ಅತ್ತೆ ನೋಡಿ ಹೇಳಿದ್ರೆ ಸಾಲ್ದು. ತಾಯಿ ಕಾರ್ಡ್‌ನಲ್ಲಿ ಹಿಮೋಗ್ಲೋಬಿನ್ ಎಷ್ಟು ಬರ್ದಿದಾರೆ ನೋಡಿ, 11 ಗ್ರಾಂಗಿಂತ ಕೆಳಗಿದ್ರೆ ರಕ್ತಹೀನತೆ, 7ಕ್ಕಿಂತ ಕೆಳಗೆ ಹೋದ್ರೆ ಮನೇಲಿ ಕೂತು ನೋಡೋ ವಿಷಯ ಅಲ್ಲ, ಅವತ್ತೇ ಆಸ್ಪತ್ರೆಗೆ ಹೋಗ್ಬೇಕು. ನಂಗೊಬ್ಳಿಗೇ ಹೀಗಾ ಅಂತ ನಾಚ್ಕೋಬೇಡಿ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಬಸುರಿಯರಲ್ಲಿ 52.2% ಜನಕ್ಕೆ ರಕ್ತ ಕಮ್ಮಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಡಾಕ್ಟ್ರೇ ಬಸುರಿಯರನ್ನ ಚೆಕ್ ಮಾಡೋ ದಿನ, ತೋಟದಲ್ಲಿ ಕಾಫಿ ಕೊಯ್ಲಿದ್ರೂ ಅವತ್ತೊಂದಿನ ರಜೆ ಹಾಕಿ.

ಇನ್ನು ಮಾತ್ರೆ. ಆ ಕೆಂಪು ಮಾತ್ರೇಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರತ್ತೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, 180 ದಿನ, ಹೆರಿಗೆ ಆದ್ಮೇಲೆ ಮತ್ತೆ 180 ದಿನ. ರಕ್ತ ಕಮ್ಮಿ ಇದ್ರೆ ಡಾಕ್ಟ್ರು ಎರಡು ತಗೊಳ್ಳಿ ಅನ್ಬೋದು, ನೀವಾಗೇ ಜಾಸ್ತಿ ಮಾಡ್ಬೇಡಿ. ವಾಕರಿಕೆ ಬರೋರು ರಾತ್ರಿ ಊಟ ಆಗಿ ಎರಡು ಗಂಟೆ ಬಿಟ್ಟು ನುಂಗಿ ಮಲಗ್ಬಿಡಿ, ಆ ಹೊತ್ತಲ್ಲಿ ಕಾಫಿ ತಂಟೇನೂ ಇರಲ್ಲ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರ್ಲಿ. ಕಿತ್ತಳೆ ಸೀಸನ್ ಆದ್ರೆ ಎರಡು ತೊಳೆ ಬಾಯಿಗೆ ಹಾಕ್ಕೊಳ್ಳಿ, ಇಲ್ಲಾಂದ್ರೆ ನೆಲ್ಲಿಕಾಯಿ, ಅದ್ರಲ್ಲಿರೋ ವಿಟಮಿನ್ ಸಿ ಇಂದ ಕಬ್ಬಿಣ ಚೆನ್ನಾಗಿ ಒಳಗೆ ಹೋಗತ್ತೆ. ಮಲ ಕಪ್ಪಾಗತ್ತೆ, ಹೆದರ್ಕೊಂಡು ಮಾತ್ರೆ ನಿಲ್ಲಿಸ್ಬೇಡಿ.

ಊಟದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಚೆನ್ನಾಗಿ ಬೆಂದ ಪಂದಿ ಕರಿ, ಕೋಳಿ, ಮೀನಿನ ಕಬ್ಬಿಣ ದೇಹಕ್ಕೆ ಸುಲಭವಾಗಿ ಹಿಡಿಯತ್ತೆ, ಸೊಪ್ಪು ಕಾಳಿನದು ಅಷ್ಟು ಹಿಡಿಯಲ್ಲ, ಅದಕ್ಕೆ ನಿಂಬೆಹುಳಿ ಹಿಂಡಿ. ಆದ್ರೆ ರಕ್ತ ಕಮ್ಮಿ ಇದೆ ಅಂತ ಗೊತ್ತಾದ್ಮೇಲೆ ಊಟ ಒಂದ್ರಿಂದಲೇ ಸರಿಹೋಗತ್ತೆ ಅಂತ ಕೂರ್ಬೇಡಿ.

ತೋಟದ ಕೆಲಸದೋರಿಗೆ ಇನ್ನೊಂದು ಮಾತು. ಜಿಗಣೆಗೆ ಹೆದರ್ತೀವಿ, ನಿಜವಾಗ್ಲೂ ರಕ್ತ ಹೀರೋದು ಕೊಕ್ಕೆಹುಳ, ಒದ್ದೆ ಮಣ್ಣಲ್ಲಿ ಬರಿಗಾಲಲ್ಲಿ ನಡೆದ್ರೆ ಪಾದದ ಚರ್ಮದಿಂದಲೇ ಒಳಗೆ ಹೋಗಿ ಕರುಳಲ್ಲಿ ಕೂರತ್ತೆ. ನಾಲ್ಕನೇ ತಿಂಗಳು ಶುರುವಾದ್ಮೇಲೆ ಡಾಕ್ಟ್ರನ್ನ ಕೇಳಿ ಹುಳದ ಮಾತ್ರೆ ಆಲ್ಬೆಂಡಜೋಲ್ ಒಂದು ಡೋಸ್ ತಗೊಳ್ಳಿ, ಗಂಬೂಟ್ ಹಾಕ್ಕೊಳ್ಳಿ.

ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡ್ಸಿ. ಸರಿಯಾಗಿ ನುಂಗಿದ್ರೂ 1 ಗ್ರಾಂ ಕೂಡ ಏರಿಲ್ಲ ಅಂದ್ರೆ ಕಾರಣ ಬೇರೆ ಇರ್ಬೋದು, ದೊಡ್ಡಾಸ್ಪತ್ರೆಗೆ ತೋರ್ಸಿ. ಆದಿವಾಸಿ ಹಾಡಿ ಕಡೆಯೋರು ಸಿಕಲ್ ಸೆಲ್ ಟೆಸ್ಟೂ ಕೇಳಿ, ಅದು ವಂಶದಿಂದ ಬರೋ ರಕ್ತದ ಕಾಯಿಲೆ, ಐರನ್ ಮಾತ್ರೆಗೆ ವಾಸಿಯಾಗೋದಲ್ಲ. ತಿಂಗಳು ತುಂಬ್ತಾ ಬಂದಿದ್ರೆ ಡ್ರಿಪ್‌ನಲ್ಲಿ ಐರನ್ ಕೊಡೋದೂ ಇದೆ.

ರಕ್ತ ಮೊದಲೇ ಕಮ್ಮಿ ಇರೋರಿಗೆ ಹೆರಿಗೇಲಿ ಸ್ವಲ್ಪ ರಕ್ತ ಹೋದ್ರೂ ಜೀವಕ್ಕೇ ಬರತ್ತೆ. ಜೂನ್-ಆಗಸ್ಟ್‌ನಲ್ಲಿ ಡೇಟ್ ಇದ್ರೆ, ಗುಡ್ಡ ಜರಿದು ರೋಡ್ ಬಂದ್ ಆಗೋ ಮುಂಚೆ ಮಡಿಕೇರಿನೋ ವಿರಾಜಪೇಟೆನೋ ನೆಂಟರ ಮನೆಗೆ ಬಂದಿರಿ, ಬ್ಲಡ್ ಗ್ರೂಪ್ ತಾಯಿ ಕಾರ್ಡ್‌ನಲ್ಲಿ ಬರೆಸಿ, ರಕ್ತ ಕೊಡೋಕೆ ಇಬ್ಬರನ್ನ ಮೊದಲೇ ಒಪ್ಪಿಸಿಟ್ಕೊಳ್ಳಿ.