ಗ್ಯಾಸ್ ಗೀಸರ್ ಇದ್ದವರು ಗಾಳಿಯ ದಾರಿ ನೋಡಿಕೊಳ್ಳಿ

ಚಳಿ ಅಂತ ಬಚ್ಚಲುಮನೆಯ ಕಿಟಕಿ ಮುಚ್ಚಿ ಗ್ಯಾಸ್ ಗೀಸರ್ ಹಚ್ಚಬೇಡಿ, ದಯವಿಟ್ಟು. ಗ್ಯಾಸ್ ಸರಿಯಾಗಿ ಉರಿಯಲು ಗಾಳಿ ಬೇಕು. ಅದು ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗೊತ್ತಾಗುವಷ್ಟರಲ್ಲಿ ಚಿಲಕ ತೆಗೆಯಲೂ ಕೈಯಲ್ಲಿ ಶಕ್ತಿ ಇರುವುದಿಲ್ಲ.

ಗೀಸರ್, ಸಿಲಿಂಡರ್ ಎರಡನ್ನೂ ತೆರೆದ ಬಾಲ್ಕನಿ ಅಥವಾ ಯುಟಿಲಿಟಿಯಲ್ಲಿ ಇಡಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಯುಟಿಲಿಟಿಗೆ ಗಾಜು ಹಾಕಿಸಿದ್ದರೆ ಅದೂ ಮುಚ್ಚಿದ ಕೋಣೆಯೇ, ಅಲ್ವಾ? ಎಕ್ಸಾಸ್ಟ್ ಫ್ಯಾನ್ ಇದೆ ಅಂತ ಧೈರ್ಯ ಬೇಡ. ಹೊಸ ಗಾಳಿ ಒಳಬರಲು ಜಾಗವಿಲ್ಲದಿದ್ದರೆ ಅದು ಗೀಸರಿನ ಹೊಗೆಯನ್ನು ಕೋಣೆಯೊಳಕ್ಕೇ ಎಳೆಯಬಹುದು.

ಉರಿ ನೀಲಿ ಬಿಟ್ಟು ಹಳದಿಯಾದರೆ ಬಳಸುವುದು ನಿಲ್ಲಿಸಿ ಸರ್ವೀಸ್ ಮಾಡಿಸಿ. ಸ್ನಾನದ ಮಧ್ಯೆ ತಲೆಸುತ್ತು, ತಲೆನೋವು, ವಾಕರಿಕೆ ಬಂದರೆ ತಕ್ಷಣ ಹೊರಗೆ ಬನ್ನಿ.